ಲಿಂಕ್ ಬಂದರೆ ಫೈಲ್ ಬಂದಂತಲ್ಲ

ಹಾಸನ

ಚಿ. ಪುಟ್ಟನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಚಿಕ್ಕಮಗಳೂರಿನಲ್ಲಿ ನೀನು ಮದುವೆ ಆಲ್ಬಂ ಡಿಸೈನ್ ಅಂಗಡಿ ಹಾಕಿದ ವಿಷಯ ಅಕ್ಕ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ಡಿಸೈನ್ ಬಗ್ಗೆ ನಿನಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ, ನಿನ್ನ ಕೈ ಚೆನ್ನಾಗಿದೆ. ಆದರೆ ಡಿಸೈನ್‌ಗೆ ಕೂರುವ ಮುಂಚೆ ಇನ್ನೊಂದು ಕೆಲಸ ಇದೆ. ಬೇರೆಯವರು ಕಳಿಸುವ ದೊಡ್ಡ ದೊಡ್ಡ ಫೈಲ್‌ಗಳನ್ನು ಸರಿಯಾಗಿ ತೆಗೆದುಕೊಳ್ಳುವುದು. ಅದನ್ನು ಯಾವ ಕ್ಲಾಸಿನಲ್ಲೂ ಕಲಿಸುವುದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಲಿಂಕ್ ಬಂತು ಅಂದರೆ ಫೈಲ್ ಬಂತು ಅಂತ ಅಲ್ಲ. ಮೂಡಿಗೆರೆಯಿಂದಲೋ ಕೊಪ್ಪದಿಂದಲೋ ಒಬ್ಬ ಫೋಟೋಗ್ರಾಫರ್ ವಾಟ್ಸಾಪ್‌ನಲ್ಲಿ ಗೂಗಲ್ ಡ್ರೈವ್ ಲಿಂಕ್ ಹಾಕುತ್ತಾರೆ. ನೀನು ಒತ್ತಿ ನೋಡುತ್ತೀಯ. ಫೋಟೋಗಳು ಸಾಲಾಗಿ ಕಾಣುತ್ತವೆ. ‘ಬಂತು ಅಣ್ಣ’ ಅಂತೀಯ. ಅವರು ನೆಮ್ಮದಿಯಾಗಿ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡಿಕೊಂಡು ಮರುದಿನದ ಗೃಹಪ್ರವೇಶಕ್ಕೆ ಹೊರಡುತ್ತಾರೆ. ಆದರೆ ನೀನು ನೋಡಿದ ಫೋಟೋಗಳು ಇನ್ನೂ ಅವರ ಅಕೌಂಟಿನಲ್ಲೇ ಇವೆ. ಅವರು ಅಳಿಸಿದರೆ ನಿನಗೂ ಇಲ್ಲ. ಡ್ರೈವ್‌ನಲ್ಲಿ ಅಳಿಸಿದ ಫೈಲ್ 30 ದಿನ ಟ್ರ್ಯಾಷ್‌ನಲ್ಲಿ ಇರುತ್ತದೆ, ಆಮೇಲೆ ಹೋಯಿತು. ಟ್ರ್ಯಾಷನ್ನೂ ಖಾಲಿ ಮಾಡಿದರೆ ಅವತ್ತೇ ಹೋಯಿತು.

ನಮ್ಮ ಜಿಲ್ಲೆಯಲ್ಲೇ ಹೀಗಾಗಿದ್ದನ್ನು ನಾನು ನೋಡಿದ್ದೇನೆ. ಫೋಟೋಗ್ರಾಫರ್ ಒಳ್ಳೆಯವರೇ, ಡಿಸೈನರ್ ಕೂಡ ಒಳ್ಳೆಯವನೇ. ಇವನು ‘ಬಂತು’ ಅಂದ, ಅವರು ಜಾಗ ಸಾಲದು ಅಂತ ಹಳೇ ಫೋಲ್ಡರ್ ಅಳಿಸಿದರು. ಧಾರೆಯ ಫೋಟೋ ಒಂದೂ ಉಳಿಯಲಿಲ್ಲ. ಹುಡುಗಿಯ ಮನೆಯವರು ಅಂಗಡಿಗೆ ಬಂದು ಕೂತಿದ್ದರು. ಆ ತಾಯಿಗೆ ಯಾರು ಏನು ಹೇಳೋದು? ದುಡ್ಡು ವಾಪಸ್ ಕೊಡಬಹುದು, ಧಾರೆ ಇನ್ನೊಂದು ಸಲ ಎರೆಯೋಕಾಗುತ್ತಾ? ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಹಟ ಮಾಡುತ್ತೇನೆ.

ಹೀಗಾಗುವುದಕ್ಕೆ ಕಾರಣ ಸೋಮಾರಿತನ ಅಲ್ಲ, ಜಾಗದ ಲೆಕ್ಕ. ಗೂಗಲ್ ಅಕೌಂಟಿಗೆ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಗೂಗಲ್ ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಒಂದು ಮದುವೆಯಲ್ಲಿ 2000 ಫೋಟೋ, ಒಂದೊಂದು 10 ಎಂಬಿ ಅಂತ ಇಟ್ಟುಕೊ. 20 ಜಿಬಿ ಆಯಿತು. ಒಂದು ಮದುವೆಯೇ ಹಿಡಿಸುವುದಿಲ್ಲ. ಜಾಗ ತುಂಬಿದರೆ ಅಪ್‌ಲೋಡ್ ನಿಲ್ಲುತ್ತದೆ, ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ಆಗ ಅವರು ಅಳಿಸದೆ ಏನು ಮಾಡುತ್ತಾರೆ?

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ನೀನೇ ಡ್ರೈವ್‌ನಲ್ಲಿ ಫೋಲ್ಡರ್ ಮಾಡಿ ಅವರಿಗೆ ಶೇರ್ ಮಾಡಿದೆ ಅನ್ನು. ಅವರು ಅದಕ್ಕೆ ಫೋಟೋ ಹಾಕಿದರು. ಫೋಲ್ಡರ್ ನಿನ್ನದು, ಸರಿ. ಆದರೆ ಒಳಗಿನ ಫೈಲ್ ಅವರದೇ. ಜಾಗ ಖರ್ಚಾಗುವುದೂ ಅವರ ಲೆಕ್ಕದಲ್ಲೇ. ನೀನು ದುಡ್ಡು ಕಟ್ಟಿ ಎಷ್ಟು ಜಾಗ ತಗೊಂಡಿದ್ದರೂ ಅವರಿಗೆ ಅದರಿಂದ ಉಪಯೋಗ ಇಲ್ಲ. ಅದಲ್ಲದೆ, ಅವರು ಫೋಟೋ ಹಾಕಬೇಕು ಅಂದರೆ ಎಡಿಟರ್ ಅಂತ ಅನುಮತಿ ಕೊಡಬೇಕು. ಎಡಿಟರ್ ಆದವರು ಬೇರೆಯವರ ಫೈಲನ್ನೂ ಆ ಫೋಲ್ಡರಿನಿಂದ ತೆಗೆಯಬಹುದು. ಹಾಗಾಗಿ ಡ್ರೈವ್ ಬಳಸಿದರೆ ಒಬ್ಬೊಬ್ಬ ಫೋಟೋಗ್ರಾಫರ್‌ಗೆ ಒಂದೊಂದು ಫೋಲ್ಡರ್ ಮಾಡು. ಎಲ್ಲರನ್ನೂ ಒಂದರಲ್ಲೇ ತುಂಬಬೇಡ.

ನಾನು ಜಾಸ್ತಿ ಬಳಸುವುದು ಡ್ರೈವ್‌ನಂಥದೇ ಇನ್ನೊಂದು ಸೇವೆಯಾದ ಡ್ರಾಪ್‌ಬಾಕ್ಸ್‌ನ ಫೈಲ್ ರಿಕ್ವೆಸ್ಟ್. ಮದುವೆಯ ಹೆಸರು, ತಾರೀಖು ಹಾಕಿ ಒಂದು ಲಿಂಕ್ ಮಾಡಿ ಕಳಿಸುತ್ತೇನೆ. ಅವರು ಒತ್ತಿ ಫೈಲ್ ಆರಿಸಿದರೆ ಸಾಕು, ನೇರವಾಗಿ ನನ್ನ ಅಕೌಂಟಿಗೆ ಬಂದು ಬೀಳುತ್ತದೆ. ಅವರಿಗೆ ಡ್ರಾಪ್‌ಬಾಕ್ಸ್ ಅಕೌಂಟ್ ಇರಬೇಕು ಅಂತಿಲ್ಲ. ನನ್ನ ಫೋಲ್ಡರಿನಲ್ಲಿ ಬೇರೆ ಏನಿದೆ ಅಂತ ಅವರಿಗೆ ಕಾಣುವುದೂ ಇಲ್ಲ. ಉಚಿತ ಅಕೌಂಟಿನಲ್ಲಿ 2 ಜಿಬಿ ಮಾತ್ರ ಸಿಗುವುದರಿಂದ ದುಡ್ಡು ಕಟ್ಟಲೇಬೇಕು. ಅಂಗಡಿ ಬಾಡಿಗೆ, ಕರೆಂಟ್ ಬಿಲ್ ಜೊತೆ ಇದನ್ನೂ ಖರ್ಚಿಗೆ ಬರೆದುಕೊ. ಗೂಗಲ್ ಫಾರ್ಮ್‌ನಲ್ಲೂ ಫೈಲ್ ತರಿಸಿಕೊಳ್ಳಬಹುದು, ಅದು ನಿನ್ನ ಡ್ರೈವ್‌ಗೇ ಬರುತ್ತದೆ, ಆದರೆ ಕಳಿಸುವವರು ಗೂಗಲ್‌ಗೆ ಲಾಗಿನ್ ಆಗಿರಬೇಕು. ಮನೆಯವರಿಂದ ನಾಲ್ಕೈದು ಹಳೇ ಫೋಟೋ ತರಿಸಿಕೊಳ್ಳಲು ಅದು ಸಾಕು.

ಯಾವ ಲಿಂಕ್ ಆದರೂ ಕಳಿಸುವ ಮುಂಚೆ ನೀನೇ ಬ್ರೌಸರ್‌ನ ಇನ್‌ಕಾಗ್ನಿಟೋ ವಿಂಡೋದಲ್ಲಿ, ಅಂದರೆ ನಿನ್ನ ಲಾಗಿನ್ ಇಲ್ಲದ ವಿಂಡೋದಲ್ಲಿ, ಅಂಟಿಸಿ ತೆರೆದು ನೋಡು. ಅಲ್ಲಿ ತೆರೆದರೆ ಅವರಿಗೂ ತೆರೆಯುತ್ತದೆ. ಅನುಮತಿ ಬೇಕು ಅಂತ ಬಂದರೆ ಅವರು ರಾತ್ರಿ ಹನ್ನೊಂದಕ್ಕೆ ನಿನಗೆ ಫೋನ್ ಮಾಡುತ್ತಾರೆ. ಪಾಪ, ಬೆಳಗ್ಗೆ ನಾಲ್ಕಕ್ಕೆ ಎದ್ದು ಛತ್ರಕ್ಕೆ ಹೋಗಿ ಬಂದವರು.

ಈಗ ಎಣಿಸುವ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದು.

ನಿನ್ನ ತಾತ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಹಾಕಲು ಹೋದರೆ, ಚೀಲ ಎಣಿಸಿ, ತೂಕ ಹಾಕಿ, ಚೀಟಿ ಕೈಗೆ ಬರುವ ತನಕ ಗೇಟಿನಿಂದ ಕದಲುತ್ತಿರಲಿಲ್ಲ. ತೆಗೆದುಕೊಳ್ಳುವವನೂ ಎಣಿಸದೆ ಒಳಗೆ ಬಿಡುತ್ತಿರಲಿಲ್ಲ. ನೀನೂ ಹಾಗೇ ಮಾಡು. ಫೋಟೋಗ್ರಾಫರ್ ಕಳಿಸುವ ಮುಂಚೆಯೇ ಕೇಳು: ಎಷ್ಟು ಫೋಟೋ, ಎಷ್ಟು ವಿಡಿಯೋ, ಒಟ್ಟು ಎಷ್ಟು ಜಿಬಿ? ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಒಟ್ಟು ಎಷ್ಟು ಫೈಲ್, ಎಷ್ಟು ಜಿಬಿ ಅಂತ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ಹಾಕಿ ಅಂದರೆ ಸಾಕು. ನೀನು ಇಳಿಸಿಕೊಂಡ ಮೇಲೆ ನಿನ್ನ ಕಡೆಯದನ್ನೂ ನೋಡು. ಎರಡೂ ತಾಳೆ ಆಗಬೇಕು.

ತಾಳೆ ಆಗದಿರುವುದಕ್ಕೆ ಕಾರಣ ಹೆಚ್ಚಾಗಿ ಎರಡೇ. ಒಂದು, ಡ್ರೈವ್‌ನಿಂದ ದೊಡ್ಡ ಫೋಲ್ಡರ್ ಇಳಿಸಿದರೆ ಅದು ಒಂದೇ ಜಿಪ್ (ಹಲವು ಫೈಲ್ ಸೇರಿಸಿ ಕಟ್ಟಿದ ಗಂಟು) ಆಗಿ ಬರುವುದಿಲ್ಲ. 001, 002, 003 ಅಂತ ತುಂಡು ತುಂಡಾಗಿ ಬರುತ್ತದೆ. ಹತ್ತು ತುಂಡಿನಲ್ಲಿ ಏಳನೆಯದು ಮಧ್ಯದಲ್ಲಿ ನಿಂತುಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಉಳಿದ ಒಂಬತ್ತು ಚೆನ್ನಾಗಿಯೇ ಬಿಚ್ಚಿಕೊಳ್ಳುತ್ತವೆ, ನೀನು ಕೆಲಸಕ್ಕೆ ಕೂರುತ್ತೀಯ. ಆರತಕ್ಷತೆಯ ಅರ್ಧ ಭಾಗ ಇಲ್ಲ ಅಂತ ತಿಳಿಯುವುದು ಆಲ್ಬಂ ಪ್ರೂಫ್ ನೋಡಿ ಹುಡುಗನ ಅಕ್ಕ ಕೇಳಿದಾಗ.

ಇನ್ನೊಂದು, ಹೆಸರು. ಕ್ಯಾಮೆರಾ ತಾನೇ ಹೆಸರಿಡುತ್ತದೆ. ನಿಕಾನ್ ಆದರೆ ಡಿಎಸ್‌ಸಿ, ಕ್ಯಾನನ್ ಆದರೆ ಐಎಂಜಿ, ಅದಾದ ಮೇಲೆ ನಾಲ್ಕು ಅಂಕಿ. 9999 ಆದ ಮೇಲೆ ಮತ್ತೆ ಮೊದಲಿನಿಂದ. ಮದುವೆಗೆ ಇಬ್ಬರು ಕ್ಯಾಮೆರಾ ಹಿಡಿದಿದ್ದರೆ, ಇಬ್ಬರದೂ ಒಂದೇ ಕಂಪನಿ ಆಗಿದ್ದರೆ, ಒಂದೇ ಹೆಸರಿನ ಎರಡು ಫೋಟೋ ಇರುವುದು ಸಾಮಾನ್ಯ. ಒಬ್ಬರು ಹುಡುಗಿ ಮನೆಯ ಅರಿಶಿನ ಶಾಸ್ತ್ರದಲ್ಲಿ ಇರುತ್ತಾರೆ, ಇನ್ನೊಬ್ಬರು ಹುಡುಗನ ಮನೆಯಲ್ಲಿ. ಎರಡನ್ನೂ ಒಂದೇ ಫೋಲ್ಡರಿಗೆ ಹಾಕುವಾಗ ಕಂಪ್ಯೂಟರ್ ಕೇಳುತ್ತದೆ, ಹಳೆಯದರ ಜಾಗಕ್ಕೆ ಹೊಸದು ಹಾಕಲಾ ಅಂತ. ಅವಸರದಲ್ಲಿ ಹೂಂ ಅಂತ ಒತ್ತಿದರೆ ಒಂದು ಮನೆಯ ಫೋಟೋ ಹೋಯಿತು. ಅದಕ್ಕೆ ಒಂದೊಂದು ಕ್ಯಾಮೆರಾಗೆ ಒಂದೊಂದು ಒಳಫೋಲ್ಡರ್ ಇರಲೇಬೇಕು. ಒಟ್ಟುಗೂಡಿಸುವುದೆಲ್ಲ ಆಮೇಲೆ, ಹೆಸರು ಬದಲಾಯಿಸಿಕೊಂಡು.

ಎಣಿಕೆ ಸರಿ ಬಂದ ಮೇಲೂ ಸುಮ್ನೆ ಬಿಡಬೇಡ. ಮೊದಲ ಫೋಟೋ, ನಡುವಿನ ಒಂದಷ್ಟು, ಕೊನೆಯ ಫೋಟೋ ದೊಡ್ಡದು ಮಾಡಿ ನೋಡು. ಅರ್ಧ ಬೂದಿ ಬಣ್ಣ ಬಂದಿದ್ದರೆ ಫೈಲ್ ಕೆಟ್ಟಿದೆ. ವಿಡಿಯೋ ಆದರೆ ಕೊನೆಗೆ ಎಳೆದು ಓಡಿಸಿ ನೋಡು. ಆಮೇಲೆ ಎರಡನೇ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡು. ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಕಾಪಿ ಬೇರೆ ಜಾಗದಲ್ಲಿ ಅಂತ ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಅಂಗಡಿಯಲ್ಲಿ ಎರಡು, ಕ್ಲೌಡ್‌ನಲ್ಲಿ ಒಂದು ಇದ್ದರೆ ಅದು ಪೂರೈಸುತ್ತದೆ. ಇಷ್ಟೂ ಆದ ಮೇಲೆ ‘ಬಂತು, ಕಾರ್ಡ್ ಖಾಲಿ ಮಾಡಬಹುದು’ ಅಂತ ಬರೆದು ಕಳಿಸು. ಬಾಯಿಮಾತಲ್ಲಿ ಹೇಳಬೇಡ, ಬರೆದೇ ಕಳಿಸು. ಅಲ್ಲಿಯವರೆಗೆ ‘ಇಳಿಸಿಕೊಳ್ಳುತ್ತಾ ಇದ್ದೀನಿ’ ಅಂತಲೇ ಹೇಳು.

ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇನೆ ಅನ್ನುವವರು ಇದ್ದೇ ಇರುತ್ತಾರೆ. ಬೇಡ ಅಂತ ನಯವಾಗಿ ಹೇಳು. ಸಾಧಾರಣವಾಗಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ನಮ್ಮ ಆಲ್ಬಂ ಶೀಟ್ 12 ಇಂಚು, 36 ಇಂಚು. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಲೆಕ್ಕಕ್ಕೆ 3600, 10800 ಪಿಕ್ಸೆಲ್ ಬೇಕು. 1600 ಪಿಕ್ಸೆಲ್ ಅಂದರೆ ಐದು ಇಂಚು ಚಿಲ್ಲರೆ. ಮೊಬೈಲಿನಲ್ಲಿ ಫಳಫಳ ಅನ್ನುವ ಫೋಟೋ ಶೀಟ್ ತುಂಬಾ ಹಾಕಿದರೆ ಮಬ್ಬಾಗುತ್ತದೆ. ತೀರಾ ಅನಿವಾರ್ಯ ಆದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಲಿ. ಆಗ ಇದ್ದ ಹಾಗೇ ಬರುತ್ತದೆ, ಒಂದು ಫೈಲ್ 2 ಜಿಬಿ ತನಕ ಹೋಗುತ್ತದೆ.

ಎಲ್ಲವನ್ನೂ ಇಂಟರ್ನೆಟ್ಟಿನಲ್ಲೇ ತರಿಸಬೇಕು ಅಂತಲೂ ಇಲ್ಲ. ಲೆಕ್ಕ ಹಾಕು. 20 ಜಿಬಿಯನ್ನು 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸಲು ಸುಮಾರು ನಾಲ್ಕೂವರೆ ಗಂಟೆ ಬೇಕು, ಅದೂ ಒಂದು ಸಲವೂ ನಿಲ್ಲದಿದ್ದರೆ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಬರುವ ಬಸ್ಸಿಗೆ ಅದರ ಅರ್ಧ ಹೊತ್ತು ಸಾಕು. 4ಕೆ ವಿಡಿಯೋ ಸೇರಿ 200 ಜಿಬಿ ಇದ್ದರೆ ಹಾರ್ಡ್ ಡಿಸ್ಕ್ ತರಿಸುವುದೇ ಸರಿ. ಆದರೆ ಇರುವ ಒಂದೇ ಕಾಪಿಯನ್ನು ಬಸ್ಸಿಗೆ ಹಾಕಬೇಡಿ ಅಂತ ಹೇಳು. ಶ್ರಾವಣದ ಮದುವೆ ಫೋಟೋ ಬರುವಾಗ ಕೊಪ್ಪ, ಶೃಂಗೇರಿ ಕಡೆ ಇನ್ನೂ ಮಳೆ ಇರುತ್ತದೆ. ಕರೆಂಟ್ ಹೋದರೆ ಬ್ರೌಸರ್‌ನಲ್ಲಿ ಹಾಕುತ್ತಿದ್ದದ್ದು ಅರ್ಧಕ್ಕೆ ನಿಂತಿತು. ಅಂಥವರಿಗೆ ಕಂಪ್ಯೂಟರ್‌ನಲ್ಲಿ ಡ್ರೈವ್ ಆ್ಯಪ್ ಹಾಕಿಕೊಡು. ಕರೆಂಟ್ ಬಂದ ಮೇಲೆ ಉಳಿದದ್ದನ್ನು ಅದೇ ಮುಂದುವರಿಸುತ್ತದೆ.

ಗೊತ್ತಿಲ್ಲದ ನಂಬರಿನಿಂದ ಬಂದ ಲಿಂಕ್ ತೆರೆಯಬೇಡ. ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಫೋನಿಗೆ ಕನ್ನ ಹಾಕುವವರು ಇದ್ದಾರೆ. ದಿನಾ ಮದುವೆಯ ಫೈಲ್ ಬರುವ ನಿನ್ನಂಥವರೇ ಅವರಿಗೆ ಸುಲಭ. ಡ್ರೈವ್ 100 ಎಂಬಿಗಿಂತ ದೊಡ್ಡ ಫೈಲ್‌ಗಳಿಗೆ ವೈರಸ್ ತಪಾಸಣೆ ಮಾಡುವುದಿಲ್ಲ, ನಮಗೆ ಬರುವ ಜಿಪ್ ಎಲ್ಲವೂ ಅದಕ್ಕಿಂತ ದೊಡ್ಡವೇ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಕೊನೆಯ ಭಾಗ ಕಾಣುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊ. ಫೋಟೋ ಫೋಲ್ಡರಿನಲ್ಲಿ ಇಎಕ್ಸ್‌ಇ ಅಂತ ಕೊನೆಯಾಗುವ ಪ್ರೋಗ್ರಾಂ ಫೈಲಿಗೆ ಏನು ಕೆಲಸ? ಮುಟ್ಟಬೇಡ. ದುಡ್ಡು ಹೋದರೆ ನಾಚಿಕೆಪಟ್ಟು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಇನ್ನೊಂದು ಮಾತು, ಇದು ನನಗೆ ಮನಸ್ಸಿಗೆ ಹತ್ತಿರವಾದದ್ದು. ನಿನಗೆ ಬರುವ ಫೋಲ್ಡರಿನಲ್ಲಿ ಹುಡುಗಿಯರು ಅಲಂಕಾರ ಮಾಡಿಕೊಳ್ಳುವ ಫೋಟೋ, ಅಳುವ ಫೋಟೋ, ಮಕ್ಕಳ ಫೋಟೋ ಎಲ್ಲ ಇರುತ್ತವೆ. ನಂಬಿ ಕಳಿಸಿರುತ್ತಾರೆ. ಲಿಂಕ್ ಇದ್ದ ಯಾರು ಬೇಕಾದರೂ ನೋಡಬಹುದು ಅಂತ ಬಿಟ್ಟರೆ ಅದು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಫೈಲ್ ನಿನ್ನ ಕೈಗೆ ಬಂದ ದಿನವೇ ಲಿಂಕ್ ಮುಚ್ಚು. ಆಲ್ಬಂ ಕೊಟ್ಟು ಎಷ್ಟು ದಿನ ಫೈಲ್ ಇಟ್ಟುಕೊಳ್ಳುತ್ತೀಯ ಅಂತ ಬಿಲ್ಲಿನಲ್ಲೇ ಬರೆ. ಮನೆಯವರನ್ನು ಕೇಳದೆ ಒಂದು ಫೋಟೋವನ್ನೂ ಅಂಗಡಿಯ ಸ್ಟೇಟಸ್‌ಗೆ ಹಾಕಬೇಡ.

ಫೋಟೋಗ್ರಾಫರ್‌ಗಳಿಗೆ ಕಳಿಸಲು ಒಂದು ಮೆಸೇಜ್ ಬರೆದಿಟ್ಟಿದ್ದೇನೆ, ಬೇಕಾದ ಹಾಗೆ ತಿದ್ದಿಕೊ:

‘ನಮಸ್ಕಾರ ಸರ್. ಈ ಮದುವೆಯ ಫೋಟೋಗಳನ್ನು ಕೆಳಗಿನ ಲಿಂಕ್‌ನಲ್ಲಿ ಹಾಕಿ. ಒಂದೊಂದು ಕ್ಯಾಮೆರಾಗೆ ಬೇರೆ ಫೋಲ್ಡರ್ ಇರಲಿ. ಒಟ್ಟು ಎಷ್ಟು ಫೈಲ್, ಎಷ್ಟು ಜಿಬಿ ಅಂತ ಸ್ಕ್ರೀನ್‌ಶಾಟ್ ಕಳಿಸಿ. ನಾನು ಎಣಿಸಿ ನೋಡಿ, ಸರಿ ಇದೆ ಅಂತ ಮೆಸೇಜ್ ಹಾಕುವ ತನಕ ದಯವಿಟ್ಟು ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.’

ರೀಲ್ ಕಾಲದಿಂದ ಫೋಟೋ ತೆಗೆಯುತ್ತಿರುವ ಹಿರಿಯರಿಗೆ ಮೆಸೇಜ್ ಹಾಕಿ ಸುಮ್ಮನಾಗಬೇಡ. ಫೋನ್ ಮಾಡಿ ಜೊತೆಗಿದ್ದು ಹಾಕಿಸು. ಒಂದು ಸಲ ಮಾಡಿದರೆ ಆಮೇಲೆ ಅವರೇ ಮಾಡಿಕೊಳ್ಳುತ್ತಾರೆ, ನಿನ್ನನ್ನು ಬಿಟ್ಟು ಬೇರೆ ಕಡೆ ಹೋಗುವುದೂ ಇಲ್ಲ.

ಅಂಗಡಿಗೆ ಹಾಕಿಸಿದ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ ಎಷ್ಟು ಅಂತ ನೋಡಿ ತಿಳಿಸು. ಡೌನ್‌ಲೋಡ್ ವೇಗ ಮಾತ್ರ ಹೇಳಿ ಕೊಟ್ಟಿರುತ್ತಾರೆ, ಪ್ರಿಂಟ್ ಹಾಕುವ ಲ್ಯಾಬಿಗೆ ಶೀಟ್ ಕಳಿಸಲು ನಿನಗೆ ಅಪ್‌ಲೋಡೂ ಬೇಕಲ್ವಾ. ನನ್ನ ಹತ್ತಿರ ಬಳಸದ ಹೊಸ 2 ಟಿಬಿ ಹಾರ್ಡ್ ಡಿಸ್ಕ್ ಒಂದಿದೆ. ಭಾನುವಾರ ಅಕ್ಕ ಇಲ್ಲಿಗೆ ಬರುತ್ತಾಳೆ, ಅವಳ ಕೈಲಿ ಕೊಟ್ಟು ಕಳಿಸುತ್ತೇನೆ. ಅದನ್ನು ಎರಡನೇ ಕಾಪಿಗೆ ಅಂತಲೇ ಇಡು, ಬೇರೆ ಏನನ್ನೂ ತುಂಬಬೇಡ.

ಇಂತಿ ನಿನ್ನ ಪ್ರೀತಿಯ
ಚಿಕ್ಕಮ್ಮ