ಪ್ರಶ್ನೆಯ ಮೇಲೆ ಕೂತ ಕೆಂಪು ಪಟ್ಟಿ: ಕೇಬಲ್ ಕಂಪನಿಗೆ ಒಂದು ದೂರು

ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ನಮ್ಮ ಮನೆಗೆ ಡಿಜಿಟಲ್ ಕೇಬಲ್ ಸಂಪರ್ಕ ಕೊಟ್ಟಿರುವ ಸಂಸ್ಥೆ

ವಿಷಯ: ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮ ಬರುವ ಹೊತ್ತಿಗೆ ನಿಮ್ಮ ಸಂದೇಶದ ಪಟ್ಟಿ ಪ್ರಶ್ನೆಯನ್ನು ಮುಚ್ಚುತ್ತಿರುವ ಬಗ್ಗೆ

ಮಾನ್ಯರೇ,

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಿಮ್ಮ ಸೆಟ್‌ಟಾಪ್ ಬಾಕ್ಸ್ ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಒಂದು ತಿಂಗಳೂ ಹಣ ಬಾಕಿ ಇಟ್ಟವಳಲ್ಲ. ಆಷಾಢದಲ್ಲಿ ವಾರಗಟ್ಟಲೆ ಚಿತ್ರ ಬಾರದಿದ್ದಾಗಲೂ ಕೊಟ್ಟಿದ್ದೇನೆ. ಮಲೆನಾಡಿನ ಮಳೆಗೆ ನಿಮ್ಮನ್ನು ದೂರಿ ಏನು ಫಲ ಎಂದು ಸುಮ್ಮನಿದ್ದೆ. ಈಗಿನ ತೊಂದರೆ ಮಳೆಯದಲ್ಲ, ನಿಮ್ಮದೇ.

ಮೊದಲು ನಮ್ಮ ಮನೆಯ ರಾತ್ರಿ 9.30ರ ಕಥೆ ಹೇಳಬೇಕು. ಇಲ್ಲದಿದ್ದರೆ ‘ಒಂದು ಪಟ್ಟಿಗೆ ಇಷ್ಟು ದೊಡ್ಡ ಕಾಗದವೇ’ ಎಂದು ನಿಮಗೆ ಅನ್ನಿಸೀತು. ನನ್ನ ಅತ್ತೆಗೆ 82 ವರ್ಷ. 2002ರ ಜನವರಿಯಲ್ಲಿ ಡಾ. ನಾ. ಸೋಮೇಶ್ವರರು ಈ ಕಾರ್ಯಕ್ರಮ ಶುರು ಮಾಡಿದಾಗಿನಿಂದ ಅವರು ಅದರ ವೀಕ್ಷಕಿ. ಮೂರು ಸಾವಿರ ಸಂಚಿಕೆ ದಾಟಿದ ಕಾರ್ಯಕ್ರಮದಲ್ಲಿ ತಾವು ನೋಡದೆ ಬಿಟ್ಟವು ಬೆರಳೆಣಿಕೆಯಷ್ಟು ಎನ್ನುತ್ತಾರೆ. ಆ ಲೆಕ್ಕಕ್ಕೆ ಬೈಂಡ್ ಹಾಕಿದ ಪುಸ್ತಕಗಳಿವೆ: ದಿನಾಂಕ, ಮೂವರು ಸ್ಪರ್ಧಿಗಳ ಊರು, ಕೆಲಸ, ಯಾರು ಗೆದ್ದರು, ಕೊನೆಗೆ ಅತ್ತೆಯವರದೊಂದು ಷರಾ. ‘ಚೂಟಿ ಇದ್ದ, ಅವಸರ ಜಾಸ್ತಿ.’ ‘ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಪಾಪ.’ ನಾನು ಮೂವತ್ತು ವರ್ಷ ಮಕ್ಕಳ ಪ್ರಗತಿಪತ್ರ ಬರೆದಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ ಒಬ್ಬರನ್ನು ಅಳೆಯಲು ನನಗೆ ಆಗಿರಲಿಲ್ಲ.

ಸ್ಪರ್ಧಿಗಳು ತಮ್ಮ ಪರಿಚಯ ಹೇಳಿ ಮುಗಿಸುವುದರೊಳಗೆ ಅತ್ತೆ ಒಬ್ಬರನ್ನು ಆರಿಸಿಕೊಳ್ಳಬೇಕು, ನಾನೊಬ್ಬರನ್ನು. ಅವರು ಸಾಮಾನ್ಯವಾಗಿ ಹೆಣ್ಣುಮಕ್ಕಳ ಕಡೆ. ನಮ್ಮ ಕಡೆಯ ಊರಿನವರು ಬಂದರಂತೂ ಕೇಳುವುದೇ ಬೇಡ. ಪ್ರಶ್ನೆ ಬಂದಾಗ ಸ್ಪರ್ಧಿಗಿಂತ ಮೊದಲು ನಾವು ಉತ್ತರ ಹೇಳಬೇಕು. ಸೋತವರು ಕಷಾಯ ಮಾಡಬೇಕು. ಮೊದಲೆಲ್ಲ ನನಗೂ ಅತ್ತೆಗೂ ಉಪ್ಪು ಹುಳಿಯ ವಿಚಾರಕ್ಕೆ ಮಾತು ಬಿಟ್ಟ ದಿನಗಳೂ ಇದ್ದವು. ಅವತ್ತೂ ಈ ಅರ್ಧ ಗಂಟೆಗೆ ಮಾತ್ರ ಮಾತು ನಿಂತಿರಲಿಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ತಂದಾಗ ಅದನ್ನೂ ನೋಡಿದೆವು, ಅಪ್ಪು ನಕ್ಕರೆ ನಾವೂ ನಕ್ಕೆವು. ಆದರೆ ಅಲ್ಲಿ ಲಕ್ಷಗಳ ಮಾತು ಬರುತ್ತಿದ್ದಂತೆ ಕೂತವರ ಮುಖ ಬಿಗಿಯುವುದು ಅತ್ತೆಗೆ ಹಿಡಿಸಲಿಲ್ಲ. ಇಲ್ಲಿ ಬಹುಮಾನ ಪುಸ್ತಕ. ಸೋತವರೂ ಸೋತ ಹಾಗೆ ಕಾಣುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಾಲ್ಕೈದು ವರ್ಷದಿಂದ ಅತ್ತೆಗೆ ಕಿವಿ ಮಂದ. ಸೋಮೇಶ್ವರರ ಮಾತು ಪೂರ್ತಿ ಕೇಳಿಸುವುದಿಲ್ಲ. ಹಾಗಾಗಿ ಪರದೆಯ ಮೇಲೆ ಮೂಡುವ ಪ್ರಶ್ನೆಯನ್ನೇ ಓದಿ ಉತ್ತರ ಹೇಳುತ್ತಾರೆ. ಮೂರು ತಿಂಗಳಿಂದ, ಸರಿಯಾಗಿ ಆ ಅಕ್ಷರಗಳ ಮೇಲೆ ನಿಮ್ಮ ಕೆಂಪು ಪಟ್ಟಿ ಬಂದು ಕೂರುತ್ತಿದೆ. ಒಂದು ದಿನ ‘ನಿಮ್ಮ ಪ್ಯಾಕ್ ಅವಧಿ ಮುಗಿಯುತ್ತಿದೆ, ಕೂಡಲೇ ರೀಚಾರ್ಜ್ ಮಾಡಿ’ ಎಂದು. ಆರು ತಿಂಗಳ ಹಣ ಮುಂಗಡವಾಗಿ ಕಟ್ಟಿದ ರಸೀದಿ ನನ್ನ ಬಳಿ ಇದೆ. ಇನ್ನೊಂದು ದಿನ ಕ್ರಿಕೆಟ್ ಪ್ಯಾಕಿನ ರಿಯಾಯಿತಿ. ರಿಮೋಟಿನಲ್ಲಿ ಎಕ್ಸಿಟ್ ಒತ್ತಿದರೆ ಹೋಗುತ್ತದೆ, ನಾಲ್ಕು ನಿಮಿಷಕ್ಕೆ ಮತ್ತೆ ಹಾಜರ್. ಆಗಾಗ ಪರದೆಯ ನಡುವೆ ಬಾಕ್ಸಿನ ನಂಬರು ಮಿಂಚಿ ಹೋಗುವುದಕ್ಕೆ ನನ್ನ ತಕರಾರಿಲ್ಲ, ಅದು ಕಳ್ಳ ಸಂಪರ್ಕ ಹಿಡಿಯಲು ಎಂದು ಗೊತ್ತು. ಈ ಪಟ್ಟಿಗೆ ಅಂಥ ಕಾರಣವೂ ಇಲ್ಲ.

ಕಳೆದ ತಿಂಗಳು ನಮ್ಮ ಕೇರಿಯ ಹುಡುಗಿಯೊಬ್ಬಳು ಸ್ಪರ್ಧಿಯಾಗಿ ಹೋಗಿದ್ದಳು. ಬೆಂಗಳೂರಿನ ಜೆ.ಸಿ. ನಗರದ ದೂರದರ್ಶನ ಕೇಂದ್ರದಲ್ಲಿ ಚಿತ್ರೀಕರಣ ಮುಗಿಸಿ ಬಂದವಳು ಗೆದ್ದೆನೋ ಸೋತೆನೋ ಎಂದು ಅವರಮ್ಮನಿಗೂ ಬಾಯಿ ಬಿಟ್ಟಿರಲಿಲ್ಲ. ಆ ಸಂಚಿಕೆ ಟಿ.ವಿ.ಯಲ್ಲಿ ಬಂದ ರಾತ್ರಿ ನಮ್ಮ ನಡುಮನೆಯಲ್ಲಿ ಹದಿನಾಲ್ಕು ಜನ. ಚಾಪೆ ಹಾಸಿ, ಹಲಸಿನ ಹಪ್ಪಳ ಕರಿದಿಟ್ಟಿದ್ದೆ. ಒಂದು ಪ್ರಶ್ನೆ ಶರಾವತಿ ನದಿಯದು. ಎರಡು ಸಾಲಿನ ಪ್ರಶ್ನೆ. ಮೇಲಿನ ಸಾಲಿನಲ್ಲಿ ‘ಶರಾವತಿ ನದಿಯ ಉಗಮಸ್ಥಾನ’ ಎಂದು ಕಂಡಿತು. ಕೆಳಗಿನ ಸಾಲಿನ ಮೇಲೆ ನಿಮ್ಮ ಕ್ರಿಕೆಟ್ ಪ್ಯಾಕ್. ಅತ್ತೆ ತಡಮಾಡಲಿಲ್ಲ. “ಅಂಬುತೀರ್ಥ!” ಎಂದು ಕೂಗಿದರು. ಎಲ್ಲರೂ ನಕ್ಕರು. ಕೇಳಿದ್ದು ಅದು ಯಾವ ತಾಲ್ಲೂಕಿನಲ್ಲಿದೆ ಎಂದು. ಕಿವಿ ಇದ್ದವರಿಗೆಲ್ಲ ಅದು ಕೇಳಿಸಿತ್ತು. ನಮ್ಮ ಹುಡುಗಿ “ತೀರ್ಥಹಳ್ಳಿ” ಎಂದು ಪುಸ್ತಕ ಗೆದ್ದಳು. ಚಪ್ಪಾಳೆ ಬಿತ್ತು. ಅತ್ತೆ ಮಾತ್ರ ಪೆನ್ನಿಗೆ ಮುಚ್ಚಳ ಹಾಕಿ, “ಇದೆಂತದೇ ಅಡ್ಡ ಬಂದದ್ದು? ನಂಗೆ ಶರಾವತಿ ಗೊತ್ತಿಲ್ಲ ಅಂದ್ಕೊಂಡ್ರಾ ಇವರು?” ಎಂದು ಕೇಳಿ ಒಳಗೆ ಹೋದರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ತವರುಮನೆ ಮುಳುಗಿದ್ದನ್ನು ಕಣ್ಣಾರೆ ಕಂಡವರು ಅವರು. ಬೇರೆ ಯಾವ ಪ್ರಶ್ನೆ ತಪ್ಪಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನವೇ ನಿಮ್ಮ ಸ್ಥಳೀಯ ಆಪರೇಟರ್ ಹುಡುಗನನ್ನು ಕರೆಸಿದೆ. “ಅದು ಮೇಲಿಂದ ಬರತ್ತೆ ಟೀಚರೇ, ನಮ್ಮ ಕೈಲಿಲ್ಲ” ಎಂದ. ಪಾಪ, ನನ್ನ ಶಿಷ್ಯನೇ, ಬೈಯಲಿಲ್ಲ. ನಿಮ್ಮ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಎಂದರು. ಎರಡನೇ ಸಲ ನಾನು ಇನ್ನೂ ಮಾತಾಡುತ್ತಿರುವಾಗಲೇ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂದು ಎಸ್ಸೆಮ್ಮೆಸ್ ಬಂತು. ಮೂರನೇ ಸಲ ಸಿಕ್ಕ ಹುಡುಗಿ, “ಯೂಟ್ಯೂಬ್‌ನಲ್ಲಿ ಬರುತ್ತಲ್ಲ ಮೇಡಂ, ಅಲ್ಲೇ ನೋಡಿ” ಎಂದಳು. ಬರುತ್ತದೆ, ನನಗೂ ಗೊತ್ತು. ಹಾಗಾದರೆ ನಿಮಗೆ ತಿಂಗಳು ತಿಂಗಳು ಹಣ ಯಾಕೆ ಕೊಡಬೇಕು ಎಂದು ಕೇಳಿದೆ. ಲೈನ್ ಕಟ್ಟಾಯಿತು.

ಇದು ಬರೀ ಅಜ್ಜಿಯೊಬ್ಬರ ಹಟ ಎಂದುಕೊಳ್ಳಬೇಡಿ. 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಯ 8ನೇ ಕಲಮನ್ನು ದಯವಿಟ್ಟು ತೆಗೆದು ಓದಿ. ಸರ್ಕಾರ ಸೂಚಿಸಿದ ದೂರದರ್ಶನ ವಾಹಿನಿಗಳನ್ನು ನೀವು ಕಡ್ಡಾಯವಾಗಿ ತೋರಿಸಬೇಕು. ತೋರಿಸುವಾಗ ಅದರ ಕಾರ್ಯಕ್ರಮದಲ್ಲಿ ಏನನ್ನೂ ತೆಗೆಯುವಂತಿಲ್ಲ, ಏನನ್ನೂ ಬದಲಿಸುವಂತಿಲ್ಲ ಎಂದು ಅಲ್ಲಿದೆ. ರಸಪ್ರಶ್ನೆ ಕಾರ್ಯಕ್ರಮದಲ್ಲಿ ಪ್ರಶ್ನೆಯನ್ನೇ ಮುಚ್ಚಿದ ಮೇಲೆ ಇನ್ನು ತೆಗೆಯಲು ಏನು ಉಳಿಯಿತು?

ನಾನು ಕೇಳುವುದು ದೊಡ್ಡದೇನಲ್ಲ. ಚಂದನದ ಮೇಲೆ ಈ ಪಟ್ಟಿ ಬರುವುದನ್ನು ನಿಲ್ಲಿಸಿ. ಹಣ ಬಾಕಿ ಇದ್ದರೆ ಫೋನಿಗೆ ಎಸ್ಸೆಮ್ಮೆಸ್ ಕಳಿಸಿ, ಅದು ನಿಮಗೆ ಚೆನ್ನಾಗಿ ಬರುತ್ತದೆ. ಬಾಕಿ ಇಲ್ಲದವರಿಗೆ ಬಾಕಿ ಇದೆ ಎಂದು ಯಾಕೆ ಹೋಗುತ್ತಿದೆ ಎಂಬುದನ್ನೂ ಒಮ್ಮೆ ನೋಡಿ. ಪರಿಹಾರದ ಹಣ ಬೇಡ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಇದೇ ಕಾಗದದ ಪ್ರತಿಯನ್ನು ಸಾಗರದ ಉಪವಿಭಾಗಾಧಿಕಾರಿಗಳಿಗೆ ಕೊಡುತ್ತೇನೆ. ಆ ಕಾಯ್ದೆಯಡಿ ಅಧಿಕಾರ ಇರುವವರಲ್ಲಿ ಅವರೂ ಒಬ್ಬರು, ಅವರ ಕಚೇರಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಆಮೇಲೆ ಶಿವಮೊಗ್ಗದ ಗ್ರಾಹಕರ ಆಯೋಗವೂ ಇದೆ.

ಉತ್ತರವನ್ನು ಕಾಗದದಲ್ಲೇ, ಕನ್ನಡದಲ್ಲೇ ಬರೆಯಿರಿ. ಅಕ್ಷರ ಸ್ವಲ್ಪ ದಪ್ಪಗಿದ್ದರೆ ಅತ್ತೆ ತಾವೇ ಓದಿಕೊಳ್ಳುತ್ತಾರೆ.

ಇಂತಿ,
ತಮ್ಮ ಗ್ರಾಹಕಿ

ಲಗತ್ತು: ಮುಂಗಡ ಹಣ ಕಟ್ಟಿದ ರಸೀದಿಯ ಪ್ರತಿ. ಅತ್ತೆಯವರ ಪುಸ್ತಕದ ನಾಲ್ಕು ಪುಟಗಳ ಜೆರಾಕ್ಸ್. ಷರಾ ಬರೆಯುವ ಜಾಗದಲ್ಲಿ ಈಗ ‘ಪಟ್ಟಿ 3 ಸಲ’, ‘ಪಟ್ಟಿ 5 ಸಲ’ ಎಂದಷ್ಟೇ ಇದೆ. ಮೂಲ ಪುಸ್ತಕ ಕಳಿಸಲು ಅವರು ಒಪ್ಪಲಿಲ್ಲ.