ಕುಪ್ಪಳಿ ಪ್ರವಾಸದಲ್ಲಿ ಕವಿಶೈಲ ತೋರಿಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪ್ರವಾಸ ಬುಕಿಂಗ್ ಕಚೇರಿ, ಚಿಕ್ಕಮಗಳೂರು

ವಿಷಯ: ಒಂದು ದಿನದ ಕುಪ್ಪಳಿ ಪ್ರವಾಸದಲ್ಲಿ ಸೇವಾ ಲೋಪ, ಹಣ ವಾಪಸಾತಿ

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳಿ ಆಯಿತು. ‘ನೋಡ್ತೀವಿ’ ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ಇನ್ನು ಬರವಣಿಗೆಯಲ್ಲೇ ಮಾತು.

ಪಟ್ಟಿಯಲ್ಲಿರುವ ಜಾಗವನ್ನು ಸಂಸ್ಥೆಯ ಕಾರಣದಿಂದ ತೋರಿಸದಿದ್ದರೆ ಅದರ ಪಾಲಿನ ಹಣ ವಾಪಸು ಎಂದು ರಸೀದಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದವರು ನೀವೇ. ಪಟ್ಟಿಯಲ್ಲಿದ್ದದ್ದು ಕುವೆಂಪು ಅವರ ಕವಿಮನೆ, ಅವರ ಸಮಾಧಿಯಿರುವ ಕವಿಶೈಲ ಮತ್ತು ಅವರ ಮಗ ತೇಜಸ್ವಿಯವರ ಸ್ಮಾರಕ. ಕಾಫಿಪುಡಿ, ಜೇನುತುಪ್ಪದ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸುವ ವಿಷಯ ಅದರಲ್ಲಿರಲಿಲ್ಲ. ಅಲ್ಲಿ ಹಾಳಾದ ಹೊತ್ತನ್ನು ನಿಮ್ಮ ಗೈಡ್ ಕುಪ್ಪಳಿಯ ಲೆಕ್ಕದಲ್ಲಿ ಕಡಿದರು.

ಕವಿಮನೆಗೆ ಸಿಕ್ಕಿದ್ದು ಅರ್ಧ ಗಂಟೆ. ಅದು ಮೂರು ಅಂತಸ್ತಿನ ತೊಟ್ಟಿಮನೆ. ಟೆಂಪೊ ಟ್ರಾವೆಲರ್ ತುಂಬ ಜನ, ಅದರಲ್ಲೂ ವಯಸ್ಸಾದವರು, ಮೆಟ್ಟಿಲು ಹತ್ತಿಳಿಯುವುದಕ್ಕೇ ಅಷ್ಟು ಹೊತ್ತು ಬೇಕು. ಕವಿಯ ಮದುವೆಯ ಮಂಟಪ, ಹಳೆಯ ಪಾತ್ರೆಪಡಗ, ಬೇಸಾಯದ ಸಲಕರಣೆಗಳನ್ನು ನಿಂತು ನೋಡಲು ಎರಡು ಗಂಟೆಯಾದರೂ ಬೇಡವೇ? ಸಾಲದ್ದಕ್ಕೆ, ಕುವೆಂಪು ಹುಟ್ಟಿದ್ದು ಇದೇ ಮನೆಯಲ್ಲಿ ಎಂದು ಗೈಡ್ ಹೇಳಿದರು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿ.

ಇಷ್ಟನ್ನು ಸಹಿಸಬಹುದಿತ್ತು. ಆಮೇಲೆ ನಡೆದದ್ದನ್ನು ಸಹಿಸಲಾಗದು. ನಮ್ಮ ಜೊತೆಗಿದ್ದ ನಿವೃತ್ತ ಕನ್ನಡ ಮೇಷ್ಟ್ರಮ್ಮ ಕೇಳಿದರು: “ಕವಿಶೈಲಕ್ಕೆ ಯಾವಾಗಪ್ಪಾ?”

ಗೈಡ್ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಅಲ್ಲೇನಿದೆ ಅಜ್ಜಿ, ಬರೀ ಕಲ್ಲು. ಸುಮ್ನೆ ಮಂಡಿನೋವು.”

“ಸಮಾಧಿ ಇದೆಯಪ್ಪಾ. ಕೈ ಮುಗಿದು ಬಂದ್ಬಿಡ್ತೀನಿ.”

“ಸಮಾಧಿ ನೋಡೋಕೆ ಇಷ್ಟು ದೂರ ಬಂದ್ರಾ? ವಾಟ್ಸಾಪ್ ಇದ್ರೆ ನಂಬರ್ ಕೊಡಿ, ಫೋಟೊ ಹಾಕ್ತೀನಿ.”

ಡ್ರೈವರ್ ನಕ್ಕು ಹಾರ್ನ್ ಒತ್ತಿದರು. ಆಕೆ ಚಪ್ಪಲಿಯ ಪಟ್ಟಿಯನ್ನೂ ಹಾಕಿಕೊಳ್ಳದೆ, ಗಾಡಿಯ ಬಾಗಿಲ ಸರಳು ಹಿಡಿದು ಹತ್ತಿ, “ನನ್ನಿಂದ ಎಲ್ಲರಿಗೂ ತಡ ಆಯ್ತು” ಎಂದು ನಮ್ಮ ಕ್ಷಮೆ ಕೇಳಿದರು. ದಶಕಗಳ ಕಾಲ ಮಕ್ಕಳಿಗೆ ಕುವೆಂಪು ಪಾಠ ಮಾಡಿದ ಹೆಂಗಸು!

1994ರಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದ ಜಾಗ ಅದು. ನಿಮ್ಮ ಗೈಡ್ ತಳ್ಳಿಹಾಕಿದ ಆ ಕಲ್ಲುಗಳನ್ನು ರೂಪಿಸಿ ನಿಲ್ಲಿಸಿದವರು ಪಕ್ಕದ ಹಾಸನದ ಕಲಾವಿದ ಕೆ.ಟಿ. ಶಿವಪ್ರಸಾದ್. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹಸ್ತಾಕ್ಷರಗಳಿರುವ ಬಂಡೆಯೂ ಅಲ್ಲೇ ಇದೆ. ನಡೆಯಲಾಗದವರನ್ನು ಹತ್ತಿರದವರೆಗೆ ಗಾಡಿಯಲ್ಲೇ ಕರೆದೊಯ್ಯಬಹುದು, ಹಾಗಾಗಿ ಮಂಡಿಯ ನೆಪ ನಡೆಯುವುದಿಲ್ಲ. ತೇಜಸ್ವಿ ಸ್ಮಾರಕದ ಬಳಿಯಂತೂ ಗಾಡಿ ನಿಧಾನ ಕೂಡ ಮಾಡಲಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಎರಡು ಜಾಗಗಳ ಪಾಲಿನ ಹಣ ಎಲ್ಲರ ಖಾತೆಗೂ ಬರಬೇಕು. ಮೇಷ್ಟ್ರಮ್ಮನವರಿಗೆ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸಹಿ ಸಮೇತ, ಕ್ಷಮಾಪಣೆ ಹೋಗಬೇಕು. ಹಣ ಕೊಟ್ಟು ಕ್ಷಮಾಪಣೆ ನುಂಗಿಕೊಂಡರೆ ಒಪ್ಪುವುದಿಲ್ಲ.

ಇಲ್ಲವಾದರೆ ಮೊದಲು 1915 ಗ್ರಾಹಕ ಸಹಾಯವಾಣಿಗೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ನಮಗೆ ಎರಡು ವರ್ಷ ಕಾಲಾವಕಾಶವಿದೆ. ಐದು ಲಕ್ಷದೊಳಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ರಸೀದಿ, ನಿಮ್ಮ ವೇಳಾಪಟ್ಟಿ, ಹೊತ್ತು ನಮೂದಾಗಿರುವ ಅಂಗಡಿ ಬಿಲ್ಲುಗಳು ನಮ್ಮ ಬಳಿ ಭದ್ರವಾಗಿವೆ. ಗಾಡಿಯಲ್ಲಿದ್ದ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ದೂರು ಕೊಡಲಿದ್ದಾರೆ.

ಇಂತಿ,
ಪ್ರವಾಸ ಬುಕ್ ಮಾಡಿದ ಓದುಗರ ಬಳಗದ ಪರವಾಗಿ