ನನ್ನ ಹೆಸರು, ನಿನ್ನ ಸರ್‌ನೇಮ್

ಸರಸ್ವತೀಪುರಂ, ಮೈಸೂರು

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಶಿಕಾಗೊದ ಕಚೇರಿಯಲ್ಲಿ ‘ಮಿಸ್ ಚಂದ್ರಶೇಖರ್’ ಎಂದು ಕರೆದಾಗಲೆಲ್ಲ ಅಪ್ಪ ಬಂದರೇನೋ ಎಂದು ತಿರುಗಿ ನೋಡುತ್ತೇನೆ ಎಂದು ಬರೆದಿದ್ದೀಯ. ಓದಿ ಅಮ್ಮ ಬಹಳ ನಕ್ಕಳು. ಏನು ಮಾಡುವುದು? ಬೆಳಗಾವಿ, ಧಾರವಾಡದ ಕಡೆಯವರಿಗಾದರೆ ಅಡ್ಡಹೆಸರು ಇರುತ್ತದೆ. ಚಂದ್ರಶೇಖರ ಕಂಬಾರರಲ್ಲಿ ನಮ್ಮ ಹೆಸರು ಮುಂದಿರುವುದು ಅದಕ್ಕೇ. ನಮ್ಮ ಕಡೆ ಊರು, ಅಪ್ಪ ಎಲ್ಲ ಇನಿಷಿಯಲ್‌ನಲ್ಲೇ ಮುಗಿಯುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ನಿನ್ನ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಫಸ್ಟ್ ನೇಮ್ ಅನ್‌ನೋನ್’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತಿತ್ತು. ಅದಕ್ಕಿಂತ ನಾನೇ ವಾಸಿ.

ನಮ್ಮ ಮೈಸೂರಿನಲ್ಲೇ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತವರು. ಟೆಸ್ಟ್‌ಗಳಲ್ಲಿ ಅವರ ವಿಕೆಟ್ 242, ಬ್ಯಾಟಿನಿಂದ ಬಂದ ರನ್ 167! ಸ್ಕೋರ್‌ಬೋರ್ಡಿನಲ್ಲಿ ಸರ್‌ನೇಮಿನಂತೆ ಕಂಡದ್ದು ಅವರದೇ ಹೆಸರು.

ನಿನ್ನ ಪೇಚಾಟಕ್ಕೆ ಸರಿಯಾದ ಜೋಡಿ ಬೇರೆ ಇದ್ದಾರೆ. ಇಬ್ಬರು ಎಸ್. ಚಂದ್ರಶೇಖರ್, ಇಬ್ಬರೂ ಭೌತವಿಜ್ಞಾನಿಗಳು. ಸಾಲದ್ದಕ್ಕೆ ಒಬ್ಬರು ಸಿ.ವಿ. ರಾಮನ್ ಅವರ ಅಣ್ಣನ ಮಗ, ಇನ್ನೊಬ್ಬರು ತಂಗಿಯ ಮಗ. ಒಬ್ಬರ ‘ಎಸ್’ ಸುಬ್ರಹ್ಮಣ್ಯನ್, ಇನ್ನೊಬ್ಬರದು ಶಿವರಾಮಕೃಷ್ಣ. ಎರಡನೆಯವರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದವರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ, ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್) ಆಗುತ್ತದೆಂದು 1977ರಲ್ಲಿ ಸಹೋದ್ಯೋಗಿಗಳೊಂದಿಗೆ ತೋರಿಸಿದರು. ಮೊದಲನೆಯವರು ನಕ್ಷತ್ರಗಳ ಕೆಲಸಕ್ಕೆ 1983ರಲ್ಲಿ ನೊಬೆಲ್ ಪಡೆದವರು, ನೀನಿರುವ ಶಿಕಾಗೊದಲ್ಲೇ ಪ್ರಾಧ್ಯಾಪಕರಾಗಿದ್ದವರು. ಅಲ್ಲಿ ಅವರ ತಂದೆಯ ಹೆಸರು ಫಸ್ಟ್ ನೇಮ್ ಆಯಿತು, ಸ್ವಂತ ಹೆಸರು ಸರ್‌ನೇಮ್ ಆಯಿತು. ನಿನ್ನದರ ತದ್ವಿರುದ್ಧ! ಜನ ‘ಚಂದ್ರ’ ಎಂದರು. ನಾಸಾ 1999ರಲ್ಲಿ ಹಾರಿಸಿದ ಎಕ್ಸ್‌-ಕಿರಣ ದೂರದರ್ಶಕಕ್ಕೂ ಅದೇ ಹೆಸರು.

ಮದುವೆಯ ನಂತರ ಬದಲಿಸಬೇಕೇ ಎಂದು ಕೇಳಿದ್ದೀಯ. ನಿನ್ನ ಇಷ್ಟ. ಏನೇ ಇಟ್ಟುಕೊಂಡರೂ ಅಂಕಪಟ್ಟಿ, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಇಂಗ್ಲಿಷ್ ಕಾಗುಣಿತ ಒಂದೇ ಇರಲಿ. ‘ಶ’ಕ್ಕೆ ಒಂದು ‘ಎಚ್’ ಬಿಟ್ಟುಹೋದರೆ ನಮಗೆ ನಡೆಯುತ್ತದೆ, ಕಂಪ್ಯೂಟರಿಗೆ ನಡೆಯುವುದಿಲ್ಲ.

ಅಮ್ಮನದೊಂದು ತಕರಾರಿದೆ. ಖಾನೆ ತುಂಬುವಾಗ ತನ್ನ ಹೆಸರು ಯಾರಿಗೂ ಏಕೆ ಹೊಳೆಯಲಿಲ್ಲ ಎಂದು ಕೇಳುತ್ತಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ, ಉತ್ತರ ನೀನೇ ಕೊಡು.

ನಿನ್ನ ಅಪ್ಪ